ಇಲ್ಲೆನ್ನದ ಸಾಲು

ಗಾಣದುರ್ಗಕ್ಕೆ ಬಂದವರು ಬಸ್ಸಿಳಿಯುತ್ತಲೇ ಕೋಟೆಗೆ ದಾರಿ ಯಾವುದು ಎಂದು ಕೇಳುತ್ತಾರೆ. ಕೋಟೆಯಲ್ಲಿ ಈಗ ಉಳಿದಿರುವುದಾದರೂ ಏನು? ನಾಲ್ಕು ಬುರುಜು, ಚಾವಣಿ ಕುಸಿದ ಒಂದು ಮದ್ದಿನ ಮನೆ, ಕಲ್ಲಿನ ಮೇಲೆ ಸುಣ್ಣದಲ್ಲಿ ಬರೆದ ಪ್ರೇಮಿಗಳ ಹೆಸರು. ಇಷ್ಟಕ್ಕೆ ಮುನ್ನೂರು ಮೆಟ್ಟಿಲು ಹತ್ತಬೇಕು. ನನ್ನನ್ನು ಕೇಳಿದವರಿಗೆಲ್ಲ ನಾನು ಎಡಗಡೆಗೆ ಕೈ ತೋರಿಸಿ, ಮೊದಲು ಸಾಲಿಗೆ ಹೋಗಿ ಬನ್ನಿ, ಬೆಟ್ಟವೇನೂ ಓಡಿಹೋಗುವುದಿಲ್ಲ ಎನ್ನುತ್ತೇನೆ. ಸಾಲು ಎಂದರೆ ಎರಡು ಕಡೆಯೂ ಕಲ್ಲುಕಂಬ ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ ಕಟ್ಟಿದ ಅಂಗಡಿ ಬೀದಿ. ಏಪ್ರಿಲ್ ತಿಂಗಳ ಉರಿಬಿಸಿಲು ಅದರ ಬಾಗಿಲವರೆಗೆ ನಿಮ್ಮ ಜೊತೆ ಬಂದು, ಅಲ್ಲಿಂದ ಹಿಂದಕ್ಕೆ ಹೋಗಿಬಿಡುತ್ತದೆ. ಒಳಗೆ ಕಾಲಿಟ್ಟರೆ ಮೊದಲು ತಂಪು, ಆಮೇಲೆ ವಾಸನೆ. ಗಂಧಿಗೆ ಅಂಗಡಿಯ ಬಜೆ, ಲಾವಂಚ, ಒಣಶುಂಠಿ. ಅದರ ಪಕ್ಕದಲ್ಲಿ ಹೊಸ ಕಂಬಳಿಯ ಕುರಿವಾಸನೆ. ಅದನ್ನು ದಾಟಿದರೆ ಹುಣಿಸೆಹುಳಿ ಹಾಕಿ ಉಜ್ಜಿದ ಹಿತ್ತಾಳೆ. ಕಣ್ಣು ಮುಚ್ಚಿಕೊಂಡು ನಡೆದರೂ ಯಾವ ಅಂಗಡಿಯ ಮುಂದಿದ್ದೇನೆಂದು ನಾನು ಹೇಳಬಲ್ಲೆ. ನಡುಚಾವಣಿಯಲ್ಲಿ ಚಪ್ಪಡಿಗಳ ನಡುವೆ ಒಂದು ಗೇಣು ಸಂದು ಬಿಟ್ಟಿದ್ದಾರೆ. ಅದರಿಂದ ಬೀಳುವ ಬಿಸಿಲಿನ ಪಟ್ಟಿ ಬೆಳಿಗ್ಗೆ ಪಡುವಣ ಅಂಗಡಿಗಳ ಮೇಲೆ ಇದ್ದದ್ದು, ಮಧ್ಯಾಹ್ನ ಸರಿಯಾಗಿ ನೆಲದ ನಡುಗಲ್ಲಿಗೆ ಇಳಿಯುತ್ತದೆ. ಆಗ ಅಂಗಡಿಯವರು ಗಡಿಯಾರ ನೋಡದೆ ಬುತ್ತಿ ಬಿಚ್ಚುತ್ತಾರೆ. ಇಂಥ ಲೆಕ್ಕದ ಕಲ್ಲುಕೆಲಸ ಮಾಡಿದವನ ಕೈಗೆ ಬಳೆ ತೊಡಿಸಬೇಕು ಅನ್ನಿಸುತ್ತದೆ, ಚಿನ್ನದ್ದು.

ಬಾಗಿಲಲ್ಲಿ ಪುರಸಭೆಯವರು ನೀಲಿ ಬಣ್ಣದ ಹಲಗೆಯೊಂದನ್ನು ನಿಲ್ಲಿಸಿದ್ದಾರೆ. ಅದರಲ್ಲಿ ಎರಡು ವಾಕ್ಯಗಳಿವೆ. ಇದರ ಹೆಸರು ಇಲ್ಲೆನ್ನದ ಸಾಲು. ಇಲ್ಲಿ ದೊರೆಯದ ವಸ್ತುವೇ ಇಲ್ಲವಾದ್ದರಿಂದ ಈ ಹೆಸರು ಬಂದಿತು. ಮೊದಲನೆಯ ವಾಕ್ಯ ಸರಿ. ಎರಡನೆಯದು ಶುದ್ಧ ಸುಳ್ಳು. ಹೆಸರು ಕೇಳಿದವರು ಯಾರಾದರೂ ಹಾಗೆಯೇ ತಿಳಿಯುತ್ತಾರೆ, ಹಲಗೆ ಬರೆದವನನ್ನು ಬೈದು ಫಲವಿಲ್ಲ. ಆದರೆ ನಮ್ಮೂರ ಹಳಬರು ಹೇಳುವ ಕಥೆ ಬೇರೆ. ಅದನ್ನು ಕೇಳಿದ ಮೇಲೆ ಆ ಹೆಸರು ಬಾಯಲ್ಲಿ ಕಹಿಯಾಗುತ್ತದೆ.

ಹಿಂದೆ ಒಮ್ಮೆ ಗಾಣದುರ್ಗವನ್ನು ಹಿರೇ ಕೆಂಚಪ್ಪ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಕೈ ದೊಡ್ಡದು, ಅಭಿಮಾನ ಅದಕ್ಕಿಂತ ದೊಡ್ಡದು ಎನ್ನುತ್ತಾರೆ. ಅವನು ತನ್ನ ತಂಗಿಯನ್ನು ಘಟ್ಟದ ಕಡೆಯ ಬಿದಿರಸೀಮೆಯ ದೊರೆ ಮುದ್ದಯ್ಯನಿಗೆ ಕೊಟ್ಟು ಮದುವೆ ಮಾಡಿದ. ಆ ಕಾಲಕ್ಕೆ ಊರಿನ ವ್ಯಾಪಾರವೆಲ್ಲ ಕೆರೆಯ ಹಿಂದಿನ ಬಯಲಿನಲ್ಲಿ. ಮದುವೆಯ ಮೂರನೆಯ ದಿನ ಬೀಗರ ಕಡೆಯ ಹೆಂಗಸೊಬ್ಬಳು ತಾಂಬೂಲಕ್ಕೆ ಪಚ್ಚಕರ್ಪೂರ ಬೇಕೆಂದು ಆಳನ್ನು ಓಡಿಸಿದಳಂತೆ. ಅವನು ಬಯಲೆಲ್ಲ ಸುತ್ತಿ, ಕೇಳಿದ ಕಡೆಯೆಲ್ಲ ಇಲ್ಲ ಎಂದರು ಎಂದು ಬರಿಗೈಲಿ ಬಂದ. ಮದುಮಗ ಊಟದ ಪಂಕ್ತಿಯಲ್ಲಿ ನಾಲ್ಕು ಜನರ ಎದುರು ನಗುತ್ತ, ಇದು ಗಾಣದುರ್ಗವೋ ಇಲ್ಲದುರ್ಗವೋ ಭಾವಯ್ಯ ಎಂದುಬಿಟ್ಟ. ಬೀಗರ ಹಾಸ್ಯ, ಪಾಯಸದ ಜೊತೆ ಕುಡಿದು ಮರೆಯುವಂಥದ್ದು. ನಾಯಕ ಮರೆಯಲಿಲ್ಲ. ಮೂರು ವರ್ಷದಲ್ಲಿ, ನಕ್ಷತ್ರಕ್ಕೊಂದರಂತೆ ಇಪ್ಪತ್ತೇಳು ಅಂಕಣದ ಈ ಸಾಲು ಎದ್ದಿತು. ಬಿಸಿಲು ಮಳೆ ತಾಗದ ಬೀದಿಯನ್ನು ನೋಡಲು ದೂರದೂರದ ವರ್ತಕರು ಬಂದರು. ಅಂಗಡಿ ಹಂಚುವ ದಿನ ನಾಯಕ ಒಂದು ಕಟ್ಟಳೆ ಮಾಡಿದ. ಈ ಚಾವಣಿಯ ಕೆಳಗೆ ಕೂತು ವ್ಯಾಪಾರ ಮಾಡುವವರು ಯಾರು ಏನು ಕೇಳಿದರೂ ಇಲ್ಲ ಎಂಬ ಮಾತು ಆಡಕೂಡದು. ಆಡಿದವರ ಅಂಗಡಿಯ ಬಾಗಿಲು ಕಿತ್ತು ಬೀದಿಗೆ ಹಾಕಿಸುತ್ತೇನೆ, ಮತ್ತೆ ಆ ಮನೆತನದವರು ಸಾಲಿನೊಳಗೆ ಕಾಲಿಡುವಂತಿಲ್ಲ ಎಂದ.

ಎಂಥ ಅಂಗಡಿಯಲ್ಲೂ ಒಂದು ದಿನವಲ್ಲ ಒಂದು ದಿನ ಸಾಮಾನು ತೀರುತ್ತದೆ. ಆಗ ಏನು ಹೇಳುವುದು? ವರ್ತಕರು ಅದಕ್ಕೆ ಉಪಾಯವನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ, ಅವರವರ ಅಡುಗೆಮನೆಯಲ್ಲೇ ಇತ್ತು. ನಮ್ಮ ಕಡೆಯ ಹೆಂಗಸರು ಅಕ್ಕಿ ಮುಗಿದಾಗ ಮುಗಿಯಿತು ಎನ್ನುವುದಿಲ್ಲ, ಎಣ್ಣೆ ತೀರಿದಾಗ ಇಲ್ಲ ಎನ್ನುವುದಿಲ್ಲ. ಹಾಗೆಂದರೆ ಲಕ್ಷ್ಮಿ ಕೇಳಿಸಿಕೊಂಡು ಎದ್ದು ಹೋಗುತ್ತಾಳಂತೆ. ಅಕ್ಕಿ ತುಂಬಿದೆ ಎನ್ನುತ್ತಾರೆ. ನನ್ನ ತಾಯಿ ಅಕ್ಕಿ ತುಂಬಿದೆ ಎಂದರೆ ನನ್ನ ತಂದೆ ಚೀಲ ಹಿಡಿದು ಹೊರಡುತ್ತಿದ್ದರು. ಅದೇ ಮಾತು ಸಾಲಿಗೂ ಬಂದಿತು. ಉಪ್ಪು ಇದ್ದರೆ ಇದೆ ಎನ್ನುವುದು, ತೀರಿದ್ದರೆ ತುಂಬಿದೆ ಎನ್ನುವುದು. ಕೊಳ್ಳಲು ಬಂದವರು ತಲೆಯಾಡಿಸಿ ಮುಂದಿನ ಅಂಗಡಿಗೆ ಹೋಗುವುದು. ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆ ಇದ್ದದ್ದು ಒಂದೇ: ನಾಯಕ ಎಂದೂ ಚೀಲ ಹಿಡಿದು ಸಾಮಾನು ಕೊಳ್ಳಲು ಬಂದವನಲ್ಲ, ಅರಮನೆಯ ಅಡುಗೆಮನೆಯಲ್ಲಿ ಅಕ್ಕಿ ಎಂದೂ ತೀರಿದ್ದಿಲ್ಲ. ಅವನು ತಿಂಗಳಿಗೊಮ್ಮೆ ಪಲ್ಲಕ್ಕಿಯಲ್ಲಿ ಬಂದು ಸಾಲಿನ ಉದ್ದಕ್ಕೂ ಹೇಗಿದೆ ವ್ಯಾಪಾರ ಎಂದು ಕೇಳುತ್ತಿದ್ದ. ಇದೆ ದೊರೆ ಎಂದರೂ ಅವನಿಗೆ ಸಂತೋಷ, ತುಂಬಿದೆ ದೊರೆ ಎಂದರೆ ಇನ್ನೂ ಸಂತೋಷ. ಅವನು ತಪ್ಪು ತಿಳಿಯುತ್ತಿದ್ದಾನೆಂದು ಯಾರಿಗೂ ಹೊಳೆಯಲಿಲ್ಲ, ಹೊಳೆದಿದ್ದರೂ ತಿದ್ದಲು ಯಾರ ಅಂಗಡಿಗೆ ಬಾಗಿಲು ಹೆಚ್ಚಾಗಿತ್ತು?

ಸಾಲಿನ ಹತ್ತೊಂಬತ್ತನೆಯ ಅಂಕಣದಲ್ಲಿ ಗುರುಸಿದ್ದಮ್ಮ ಎಂಬವಳ ರಾಗಿ ಅಂಗಡಿ. ಗಂಡ ತೀರಿಕೊಂಡ ಮೇಲೆ ಕೊಳಗ ಹಿಡಿದು ತಾನೇ ಕೂತವಳು. ಅಳತೆಯಲ್ಲಿ ಮೋಸವಿಲ್ಲ, ಮಾತಿನಲ್ಲಿ ಮೆದುವಿಲ್ಲ ಎಂದು ಹೆಸರಾದವಳು. ಯಾರಾದರೂ ರಾಗಿಯಲ್ಲಿ ಕಲ್ಲಿದೆ ಎಂದರೆ, ನಿನ್ನ ಹಲ್ಲು ಗಟ್ಟಿ ಇದೆಯೋ ಎಂದು ನೋಡಲು ನಾನೇ ಹಾಕಿದ್ದು ಕಣಪ್ಪ ಎನ್ನುತ್ತಿದ್ದಳಂತೆ. ಆಕೆಗೆ ನೀಲವ್ವ ಎಂಬ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆಂದು ತಾಯಿಯ ಬಳಿಗೆ ಬಂದಿದ್ದ ಹೊತ್ತಿಗೆ ಸರಿಯಾಗಿ ದುರ್ಗಕ್ಕೆ ಮುತ್ತಿಗೆ ಬಿತ್ತು.

ಮುತ್ತಿಗೆ ಹಾಕಿದವರು ಯಾರು ಎನ್ನುವುದರಲ್ಲಿ ಹಳಬರಲ್ಲೇ ಒಮ್ಮತವಿಲ್ಲ. ಉತ್ತರದ ಕುದುರೆ ದಂಡು ಎಂದಷ್ಟೇ ಹೇಳುತ್ತಾರೆ. ಅವರು ಕೋಟೆಯ ಮೇಲೆ ಏರಿ ಬರುವ ಗೋಜಿಗೆ ಹೋಗಲಿಲ್ಲ, ಸುತ್ತ ಡೇರೆ ಹಾಕಿ ಕೂತರು. ಎರಡು ತಿಂಗಳಾಯಿತು. ಬೆಟ್ಟದ ಮೇಲೆ ಅರಮನೆಯ ಕಣಜದಿಂದ ಕಾವಲಿನವರಿಗೆ ಅಂಬಲಿ ಸಿಗುತ್ತಿತ್ತು. ಕೆಳಗೆ ಹೊರಗೋಡೆಯೊಳಗಿನ ಪೇಟೆಯ ಜನಕ್ಕೆ ಸಾಲೇ ಗತಿ, ಸಾಲಿನ ಕಣಜಗಳು ಒಂದೊಂದಾಗಿ ತಳ ಕಂಡವು. ಜನ ಹುಣಿಸೆಬೀಜ ಹುರಿದು ತಿಂದರು. ಗುರುಸಿದ್ದಮ್ಮ ತನ್ನ ಕೊನೆಯ ಸೇರು ರಾಗಿಯನ್ನು ಮಗಳಿಗೆಂದು ಮುಚ್ಚಿಟ್ಟಿದ್ದಳು. ನೀಲವ್ವ ಹೆತ್ತ ನಾಲ್ಕನೆಯ ದಿನಕ್ಕೆ ಅದೂ ಆಗಿಹೋಯಿತು. ಅಂಗಡಿಯ ಅಟ್ಟದ ಮೇಲೆ ಬಾಣಂತಿ, ಎದೆಯಲ್ಲಿ ಹಾಲಿಲ್ಲ, ಕೆಳಗೆ ತಾಯಿಯ ಕೈಯಲ್ಲಿ ಬರಿಯ ಕೊಳಗ.

ಹೀಗಿರುವಾಗ ಆಷಾಢದ ಒಂದು ಬೆಳಿಗ್ಗೆ, ಮೋಡ ಬೆಟ್ಟದ ಮೇಲೆ ಇಳಿದು ಮಾರು ದೂರದ ಮನುಷ್ಯ ಕಾಣದಂತಿದ್ದಾಗ, ಬಿದಿರಸೀಮೆಯ ಒಬ್ಬ ದೂತ ಹಿಂಬದಿಯ ಕುರಿದಾರಿ ಹಿಡಿದು ಊರೊಳಗೆ ಬಂದ. ಹೆಸರು ಜವರಪ್ಪ. ಮುದ್ದಯ್ಯ ದೊರೆಯ ನಂಬಿಕೆಯ ಮನುಷ್ಯ, ಹೇಳಿದ್ದನ್ನು ಹೇಳಿದ ಹಾಗೆ ಕೇಳಿಸಿಕೊಂಡು ಒಪ್ಪಿಸುವವನು. ಅವನು ತಂದ ಪ್ರಶ್ನೆ ಒಂದೇ. ಈಗಲೇ ಹೊರಟರೆ ನನ್ನ ಹತ್ತಿರ ಕಾಲಾಳು ಮಾತ್ರ, ಆದರೂ ಐದು ದಿನದಲ್ಲಿ ಬಂದು ಒಂದು ಕಡೆಯ ಮುತ್ತಿಗೆ ಮುರಿದು ಕಾಳು ಒಳಗೆ ಸೇರಿಸಬಲ್ಲೆ. ತಿಂಗಳು ತಡೆದರೆ ಕುದುರೆಗಳೂ ಸೇರುತ್ತವೆ, ವೈರಿಯನ್ನು ಬುಡಸಹಿತ ಕಿತ್ತು ಹಾಕಬಹುದು. ನಿಮ್ಮಲ್ಲಿ ತಿಂಗಳಿಗಾಗುವಷ್ಟು ಕಾಳು ಇದೆಯೇ? ಮೋಡ ಏಳುವುದರೊಳಗೆ ಜವರಪ್ಪ ಉತ್ತರ ಪಡೆದು ಹಿಂತಿರುಗಬೇಕಿತ್ತು.

ಬೇರೆ ಯಾರೇ ಕೇಳಿದ್ದರೂ ನಾಯಕ ಕಣಜಗಳ ಮುಚ್ಚಳ ತೆಗೆಸಿ ನೋಡುತ್ತಿದ್ದನೇನೋ. ಕೇಳಿದವನು ಇಲ್ಲದುರ್ಗ ಎಂದು ನಕ್ಕಿದ್ದ ಭಾವ. ಹನ್ನೆರಡು ವರ್ಷ ಈ ಒಂದು ಪ್ರಶ್ನೆಗಾಗಿಯೇ ಕಾದಿದ್ದವನಂತೆ ನಾಯಕ ಜವರಪ್ಪನ ಕೈಹಿಡಿದು ಸಾಲಿಗೆ ಕರೆತಂದ. ನಾನು ಹೇಳಿದರೆ ಭಾವ ಜಂಬ ಎಂದಾನು, ನೀವೇ ಒಂದೊಂದು ಅಂಗಡಿಯಲ್ಲೂ ಕೇಳಿ ತಿಳಿಯಿರಿ ಎಂದ. ಜವರಪ್ಪ ಕೇಳುತ್ತ ಬಂದ. ಅವನ ಸೀಮೆಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ, ಮೂರನೆಯ ಮಾತಿಲ್ಲ. ಇಲ್ಲಿ ಮೊದಲನೆಯ ಅಂಗಡಿಯವನು ತುಂಬಿದೆ ಎಂದ. ಎರಡನೆಯವನೂ ತುಂಬಿದೆ ಎಂದ. ಅವರು ಸುಳ್ಳು ಹೇಳುತ್ತಿದ್ದೇವೆ ಎಂದುಕೊಂಡಿರಲಿಲ್ಲ. ಕನ್ನಡದವನೇ ಅಲ್ಲವೇ, ಇಷ್ಟು ತಿಳಿಯದೇ ಎಂದುಕೊಂಡಿದ್ದರು. ಒಬ್ಬನಾದ ಮೇಲೆ ಒಬ್ಬ ತಲೆ ತಗ್ಗಿಸಿ ಆ ಮಾತು ಹೇಳುವಾಗ, ಈ ಸುದ್ದಿ ಮುಟ್ಟಿದರೆ ಐದು ದಿನದಲ್ಲಿ ಕಾಳು ಬರುತ್ತದೆ ಎಂಬ ಆಸೆಯೂ ಇತ್ತು. ಹನ್ನೊಂದನೆಯ ಅಂಕಣದ ರೇವಣ್ಣ ಶೆಟ್ಟಿ ವಯಸ್ಸಾದವನು, ಸಾಲಿನ ಯಜಮಾನ. ಹೊರಗಿನವನಿಗೆ ಪರಿಸ್ಥಿತಿ ಪೂರ್ತಿ ಮನದಟ್ಟಾಗಲೆಂದು ಅವನು ಎದ್ದು ನಿಂತು ಕೈಮುಗಿದ.

“ತುಂಬಿದೆ ಸ್ವಾಮಿ. ನಿನ್ನೆ ಮೊನ್ನೆಯ ಮಾತಲ್ಲ, ತುಂಬಿ ಎಂಟು ದಿನವಾಯಿತು. ಅಂಗಡಿಯಲ್ಲೂ ತುಂಬಿದೆ, ಮನೆಯಲ್ಲೂ ತುಂಬಿದೆ. ನಿಮ್ಮ ದೊರೆಗೆ ಇದನ್ನು ಹೀಗೆಯೇ ಹೇಳಬೇಕು,” ಎಂದವನಿಗೆ ಅಳು ತಡೆಯಲಾಗಲಿಲ್ಲ. ಜವರಪ್ಪನ ಕಣ್ಣೂ ಒದ್ದೆಯಾಯಿತಂತೆ. ಮುತ್ತಿಗೆಯ ನಡುವೆಯೂ ಊರನ್ನು ತುಂಬಿಟ್ಟುಕೊಂಡ ಸಂತೋಷಕ್ಕೆ ಅಳುವ ಪ್ರಜೆಗಳನ್ನು ತಾನು ಕಂಡಿರಲಿಲ್ಲ ಎಂದು ಅವನು ಆಮೇಲೆ ತನ್ನ ದೊರೆಯ ಮುಂದೆ ಹೇಳಿದನಂತೆ. ಕಣಜ ತೆರೆಸಿ ನೋಡೋಣವೆಂದು ಒಮ್ಮೆ ಅವನಿಗೆ ಅನ್ನಿಸಿದ್ದುಂಟು. ಅಷ್ಟು ಕಣ್ಣೀರಿನ ಎದುರು ಮುಚ್ಚಳ ಎತ್ತಿಸುವುದು ಅವಮಾನ ಮಾಡಿದಂತೆ ಎಂದು ಸುಮ್ಮನಾದ.

ಗುರುಸಿದ್ದಮ್ಮ ಹತ್ತೊಂಬತ್ತನೆಯ ಅಂಕಣದಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಸಾಲಿನೊಳಗೆ ಮಾತು ಚೆನ್ನಾಗಿ ಹರಿಯುತ್ತದೆ, ಈಗಲೂ ಆ ತುದಿಯಲ್ಲಿ ಕೆಮ್ಮಿದರೆ ಈ ತುದಿಗೆ ಕೇಳುತ್ತದೆ. ಎಲ್ಲರೂ ತಮ್ಮ ಮಾತು ತಲುಪಿತು ಎಂದುಕೊಂಡಿದ್ದಾಗ ಆಕೆಯೊಬ್ಬಳಿಗೆ ದೂತನ ಮುಖದ ಸಮಾಧಾನ ಕಾಣಿಸಿತು. ಕೆಟ್ಟ ಸುದ್ದಿ ಕೇಳಿದವನ ಮುಖ ಹಾಗಿರುವುದಿಲ್ಲ. ನಾಯಕನ ಮುಖದಲ್ಲೂ ಅದೇ ಕಳೆ. ಇಷ್ಟು ವರ್ಷ ಈ ದೊರೆಗೂ ಆ ಮಾತಿನ ಅರ್ಥ ತಿಳಿದಿರಲಿಲ್ಲ ಎಂದು ಆಕೆಗೆ ಆ ಕ್ಷಣದಲ್ಲಿ ಹೊಳೆಯಿತು. ಇಬ್ಬರೂ ತನ್ನ ಅಂಗಡಿಯ ಮುಂದೆ ಬಂದು ನಿಂತಾಗ ಆಕೆ ಕೊಳಗವನ್ನು ತೆಗೆದು ಬೋರಲು ಹಾಕಿದಳು. ಯಾವ ವರ್ತಕನೂ ಬೋರಲು ಹಾಕದ ವಸ್ತು ಅದು.

“ಇಲ್ಲ,” ಎಂದಳು. “ರಾಗಿ ಇಲ್ಲ. ಮೇಲೆ ಬಾಣಂತಿ ಇದ್ದಾಳೆ, ಅವಳಿಗೆ ಗಂಜಿ ಇಲ್ಲ. ನನ್ನಲ್ಲಿ ಮಾತ್ರ ಅಲ್ಲ ಸ್ವಾಮಿ, ಈ ಸಾಲಿನಲ್ಲಿ ಯಾರ ಹತ್ತಿರವೂ ಒಂದು ಕಾಳಿಲ್ಲ.”

ಕೆಲವರು ಕಿವಿ ಮುಚ್ಚಿಕೊಂಡರು. ಜವರಪ್ಪ ಗಾಬರಿಯಾಗಿ ಅಕ್ಕಪಕ್ಕದವರ ಕಡೆ ತಿರುಗಿ, ಈಕೆ ಹೇಳುತ್ತಿರುವುದು ನಿಜವೇ, ನಿಮ್ಮಲ್ಲಿ ಹೇಗಿದೆ ಎಂದ. ಅಲ್ಲಿ ಆಗಬೇಕಾದದ್ದು ಆಗಿಹೋಯಿತು ನೋಡಿ. ನೆರೆಯವರು ಗುರುಸಿದ್ದಮ್ಮನ ಮಾತಿಗೆ ಸಾಕ್ಷಿ ನುಡಿಯಲೆಂದೇ ಬಾಯಿ ತೆರೆದರು, ಅದರಲ್ಲಿ ಸಂಶಯವಿಲ್ಲ. ಹದಿನೆಂಟನೆಯ ಅಂಕಣದವನು, ಹೌದು ಸ್ವಾಮಿ ನಮ್ಮದೂ ತುಂಬಿದೆ ಎಂದ. ಇಪ್ಪತ್ತನೆಯವನು, ಆಣೆಯಾಗಿ ತುಂಬಿದೆ ಎಂದ. ಎದುರು ಸಾಲಿನವರು ಒಟ್ಟಾಗಿ, ತುಂಬಿದೆ, ತುಂಬಿದೆ ಎಂದರು. ಗುರುಸಿದ್ದಮ್ಮ ಹಣೆ ಚಚ್ಚಿಕೊಂಡು, ಬಾಯಿಬಿಟ್ಟು ಇಲ್ಲ ಅನ್ರಪ್ಪ, ಒಬ್ಬರಾದರೂ ಅನ್ನಿ ಎಂದು ಅಂಗಲಾಚಿದಳು. ಯಾರೂ ಅನ್ನಲಿಲ್ಲ. ದೊರೆ ಎದುರಿಗೇ ನಿಂತಿದ್ದ, ಹೊಸ್ತಿಲಲ್ಲಿ ಲಕ್ಷ್ಮಿ ನಿಂತಿದ್ದಳು. ನಾಯಕ ನಕ್ಕು, ಗಂಡ ಸತ್ತವಳು, ವ್ಯಾಪಾರ ಕೈಹತ್ತಲಿಲ್ಲ, ನೆರೆಯವರ ಮೇಲೆ ಹೊಟ್ಟೆಕಿಚ್ಚು ಎಂದು ದೂತನನ್ನು ಮುಂದಕ್ಕೆ ಕರೆದೊಯ್ದ. ಮೋಡ ತೆಳುವಾಗುತ್ತಿತ್ತು. ಜವರಪ್ಪ ಬಂದ ದಾರಿಯಲ್ಲೇ ಇಳಿದು ಹೋದ.

ಬಿದಿರಸೀಮೆಯಲ್ಲಿ ಅವನು ಒಪ್ಪಿಸಿದ ವರದಿಯನ್ನು ಆ ಕಡೆಯವರು ಇಂದಿಗೂ ಗಾದೆಯಂತೆ ಹೇಳುತ್ತಾರೆ. ಮುದ್ದಯ್ಯ ದೊರೆ ಅನುಮಾನದ ಮನುಷ್ಯ, ಭಾವಯ್ಯ ಜಂಬಕ್ಕೆ ಹೇಳಿಸಿರಬಹುದಲ್ಲ ಎಂದನಂತೆ. ಅದಕ್ಕೆ ಜವರಪ್ಪ, “ಬುದ್ಧಿ, ಇಪ್ಪತ್ತೇಳು ಅಂಗಡಿಯಲ್ಲಿ ಒಂದು ಬರಿದು. ಹೇಳಿಕೊಟ್ಟ ಮಾತಾಗಿದ್ದರೆ ಅದೂ ತುಂಬಿರುತ್ತಿತ್ತು,” ಎಂದ. ಎಷ್ಟು ಸರಿಯಾದ ತರ್ಕ. ಆ ದಿನ ಸಾಲಿನಲ್ಲಿ ಆಡಿದ ಒಂದೇ ಒಂದು ನೇರ ಮಾತು ಉಳಿದ ಇಪ್ಪತ್ತಾರಕ್ಕೆ ಮುದ್ರೆ ಒತ್ತಿತು. ಮುದ್ದಯ್ಯ ದೊರೆ ಕುದುರೆಗಳಿಗಾಗಿ ಕಾಯುತ್ತ ಕೂತ.

ಇತ್ತ ನಾಯಕ ಕಟ್ಟಳೆ ತಪ್ಪಲಿಲ್ಲ. ಆ ಮಧ್ಯಾಹ್ನವೇ ಗುರುಸಿದ್ದಮ್ಮನ ಅಂಗಡಿಯ ಬಾಗಿಲು ಕಿತ್ತು ಬೀದಿಗೆ ಹಾಕಿಸಿದ. ಆಕೆ ಬಾಣಂತಿಯನ್ನು ಕಂಬಳಿಯಲ್ಲಿ ಸುತ್ತಿ ಕೋಟೆಬಾಗಿಲ ಜಗಲಿಗೆ ಕರೆದೊಯ್ದಳು. ಸೋನೆಮಳೆ ಹಿಡಿದಿತ್ತು. ಬಾಗಿಲು ಕಿತ್ತ ಏಳನೆಯ ದಿನ ನೀಲವ್ವ ತೀರಿಕೊಂಡಳು. ಕೂಸಿನ ವಿಷಯ ಕಥೆಯಲ್ಲಿ ಬರುವುದಿಲ್ಲ. ನಾನು ಕೆದಕಿ ಕೇಳಿದಾಗಲೆಲ್ಲ ಹಿರಿಯರು ಮಾತು ಬದಲಿಸಿದರು. ಹನ್ನೊಂದನೆಯ ದಿನ ಅರಮನೆಯ ಕಣಜವೂ ತೀರಿತು. ನಾಯಕ ಚಿಂತೆಯಿಲ್ಲದೆ ಚೀಲ ಹೊತ್ತ ಆಳುಗಳೊಂದಿಗೆ ಸಾಲಿಗೆ ಬಂದು, ಕಣಜ ತೆರೆಯಿರಿ ಎಂದ. ತುಂಬಿದೆ ದೊರೆ ಎಂದರು. ಗೊತ್ತು, ತೆರೆಯಿರಿ ಎಂದ. ಒಂದರ ಮುಚ್ಚಳ ಎತ್ತಿಸಿದ, ಇನ್ನೊಂದರದು ಎತ್ತಿಸಿದ. ಆರನೆಯದರ ಒಳಗೆ ಹಲ್ಲಿಯೊಂದು ಸತ್ತು ಒಣಗಿತ್ತು ಎನ್ನುತ್ತಾರೆ. ಆಮೇಲೆ ಅವನು ಎತ್ತಿಸುವುದನ್ನು ನಿಲ್ಲಿಸಿದ.

“ತುಂಬಿದೆ ಎಂದಿರಲ್ಲ,” ಎಂದ.

“ನೀವು ಬೇಡವೆಂದ ಮಾತನ್ನು ನಾವು ಆಡಲಿಲ್ಲ ದೊರೆ,” ಎಂದ ರೇವಣ್ಣ ಶೆಟ್ಟಿ.

ಮರುದಿನ ನಾಯಕ ತಾನೇ ಕೋಟೆಬಾಗಿಲು ತೆಗೆಸಿದ. ವೈರಿಗಳು ಅವನನ್ನು ಸೆರೆಹಿಡಿದು ಒಯ್ದರು, ಊರು ಸೂರೆಹೋಯಿತು. ಮುದ್ದಯ್ಯನ ಕುದುರೆಗಳು ಹೇಳಿದ ದಿನಕ್ಕೆ ಸರಿಯಾಗಿ ಬಂದವು. ಬಂದು, ಸುಟ್ಟ ವಾಸನೆ ನೋಡಿ ಹಿಂತಿರುಗಿದವು.

ವರ್ಷ ಕಳೆದು ಚದುರಿದ ಜನ ಮತ್ತೆ ಸೇರಿ, ಸಾಲನ್ನು ಗುಡಿಸಿ ತೊಳೆದು, ಅಂಗಡಿ ತೆರೆಯುವ ಮೊದಲು ಪಂಚಾಯಿತಿ ಕೂತರು. ಊರು ಯಾಕೆ ಬಿತ್ತು ಎಂಬುದು ಮಾತು. ನೀವೂ ನಾನೂ ಆಗಿದ್ದರೆ ದೊರೆಯ ಜಂಬದಿಂದ ಎನ್ನುತ್ತಿದ್ದೆವು, ಇಲ್ಲವೇ ನಮ್ಮ ತುಂಬಿದೆಯಿಂದ ಎನ್ನುತ್ತಿದ್ದೆವು. ಅವರು ಹಾಗೆನ್ನಲಿಲ್ಲ. ಸಾಲು ಕಟ್ಟಿದಂದಿನಿಂದ ಈ ಚಾವಣಿಯ ಕೆಳಗೆ ಆಡಬಾರದ ಮಾತನ್ನು ಒಬ್ಬಳು ಆಡಿದಳು, ಆಡಿದ ಹನ್ನೆರಡನೆಯ ದಿನ ಊರೇ ಇಲ್ಲವಾಯಿತು ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಗುರುಸಿದ್ದಮ್ಮನೇ ತನ್ನ ಅಂಗಡಿ ಕೇಳಲು ಬಂದು ಎದುರಿಗೆ ನಿಂತಳು. ಯಾರೂ ಮುಖವೆತ್ತಲಿಲ್ಲ. ಕೊನೆಗೆ ಯಜಮಾನನಾದ ರೇವಣ್ಣ ಶೆಟ್ಟಿಯೇ ಬಾಯಿ ತೆರೆಯಬೇಕಾಯಿತು.

“ನೀನು ಸುಳ್ಳು ಹೇಳಲಿಲ್ಲ ಗುರುಸಿದ್ದಮ್ಮ. ಆದರೆ ಆ ಮಾತು ಆಡಬಾರದಿತ್ತು ತಾಯಿ.”

“ನೀವೂ ಸುಳ್ಳು ಹೇಳಲಿಲ್ಲ ಶೆಟ್ಟರೇ,” ಎಂದಳು ಆಕೆ. “ಅದಕ್ಕೇ ನನ್ನ ಮಗಳು ಸತ್ತಳು.”

ಆಕೆಗೆ ಅಂಗಡಿ ಕೊಡಲಿಲ್ಲ. ನಾಯಕನ ಕಟ್ಟಳೆ ನಾಯಕನೊಂದಿಗೆ ಹೋಗಲಿ ಎಂದವರೂ ಇರಲಿಲ್ಲ. ಎಲ್ಲರೂ ಎದ್ದು ನಿಂತು, ಇನ್ನು ಮೇಲೆ ಯಾವ ಕಾಲಕ್ಕೂ ಈ ಸಾಲಿನಲ್ಲಿ ಆ ಮಾತು ಹುಟ್ಟದಿರಲಿ ಎಂದು ತಮ್ಮಷ್ಟಕ್ಕೆ ತಾವೇ ಆಣೆ ಮಾಡಿಕೊಂಡರು. ಇಲ್ಲೆನ್ನದ ಸಾಲು ಎಂಬ ಹೆಸರು ಹುಟ್ಟಿದ್ದು ಅಂದು. ಅದರಲ್ಲಿ ಹೊಗಳಿಕೆಯಿಲ್ಲ, ಇರುವುದು ಹೆದರಿಕೆ. ಗುರುಸಿದ್ದಮ್ಮ ಆಮೇಲೆ ಏನಾದಳು ಎಂಬುದಕ್ಕೆ ಎರಡು ಮಾತಿದೆ. ಮಗಳನ್ನು ಕೊಟ್ಟಿದ್ದ ಊರಿಗೆ ನಡೆದುಹೋದಳು ಎಂದು ಕೆಲವರು. ತನ್ನ ಅಂಗಡಿಯೊಳಗೆ ಹೋಗಿ ಕೂತವಳು ಏಳಲೇ ಇಲ್ಲ, ಸಾಲಿನವರು ಮುಂದಿನಿಂದ ಗೋಡೆ ಕಟ್ಟಿದರು ಎಂದು ಕೆಲವರು. ಎರಡನೆಯದನ್ನು ನಾನು ನಂಬುವುದಿಲ್ಲ. ನಂಬಲು ಮನಸ್ಸೂ ಇಲ್ಲ.

ಗೋಡೆಯಂತೂ ಇದೆ. ಬಳೆ ಅಂಗಡಿಗೂ ಹೊಲಿಗೆಯವನಿಗೂ ನಡುವೆ, ಬಾಗಿಲಿರಬೇಕಾದ ಜಾಗದಲ್ಲಿ ಒರಟು ಕಲ್ಲು ಪೇರಿಸಿ ಮುಚ್ಚಿದ ಒಂದು ಅಂಕಣವನ್ನು ನೀವೂ ನೋಡಬಹುದು. ಎದೆಯ ಮಟ್ಟದಲ್ಲಿ ಎರಡು ಕಲ್ಲಿನ ನಡುವೆ ಬೆರಳಗಲದ ಬಿರುಕು, ಅದರ ಸುತ್ತ ಅರಿಶಿನ ಕುಂಕುಮ. ಸಾಲಿನವರು ದಿನಾ ಬೆಳಿಗ್ಗೆ ತಮ್ಮ ಬಾಗಿಲು ತೆಗೆಯುವ ಮೊದಲು ಅಲ್ಲಿಗೆ ಬಂದು, ಬಿರುಕಿಗೆ ಬೆಲ್ಲ ಮೆತ್ತಿ ಕೈಮುಗಿಯುತ್ತಾರೆ. ಯಾವ ದೇವರು ಎಂದು ಪ್ರವಾಸಿಗರು ಕೇಳಿದರೆ, ಗುರುಸಿದ್ದಮ್ಮನೋರು, ಬಾಯಿ ಸಿಹಿ ಮಾಡಿದರೆ ಮನೆಗೆ ಒಳ್ಳೆಯದು ಮಾಡುತ್ತಾರೆ ಎನ್ನುತ್ತಾರೆ. ಬಂದವರು ತಾವೂ ಒಂದು ತುಂಡು ಕೊಂಡು ಮೆತ್ತಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಸಂಜೆಯ ಹೊತ್ತಿಗೆ ಕಟ್ಟಿರುವೆಗಳು ಬೆಲ್ಲವನ್ನೆಲ್ಲ ಹೊತ್ತುಕೊಂಡು ಹೋಗಿ ಬಿರುಕು ಮತ್ತೆ ತೆರೆದುಕೊಂಡಿರುತ್ತದೆ. ಕೊನೆಗೆ ಬಾಗಿಲು ಹಾಕಿಕೊಂಡು ಹೊರಡುವವನು, ಯಾರೇ ಆಗಿರಲಿ, ಇನ್ನೊಂದು ಉಂಡೆ ತಂದು ಹೆಬ್ಬೆರಳಿನಿಂದ ಒಳಕ್ಕೆ ಗಟ್ಟಿಯಾಗಿ ಒತ್ತಿ, ಒಮ್ಮೆ ಕಿವಿಗೊಟ್ಟು ನೋಡಿ, ಮನೆಗೆ ಹೋಗುತ್ತಾನೆ.